ಐವತ್ತೆರಡನೇ ನಿಮಿಷ

೨೦೨೫ರ ಆಗಸ್ಟ್ ೨೧, ಗುರುವಾರ, ಸಂಜೆ ಐದು ಮುಕ್ಕಾಲು. ಹುಣಸೂರಿನ ಕೇಬಲ್ ಚಾನೆಲ್ಲಿನ ಒಂದೇ ಕೋಣೆಯ ಸ್ಟುಡಿಯೋದಲ್ಲಿ ರೂಪಶ್ರೀ ಏಳು ಗಂಟೆಯ ಕಾರ್ಯಕ್ರಮಕ್ಕೆ ಸಿದ್ಧಳಾಗುತ್ತಿದ್ದಾಗ ಬೆಟ್ಟದಪುರದ ಕಂಠಪ್ಪನ ಫೋನು ಬಂತು.

ರೂಪಶ್ರೀಗೆ ಹಗಲು ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ. ರಸಾಯನಶಾಸ್ತ್ರ ಓದಿದವಳು. ಗುರುವಾರ ಸಂಜೆ ಮಾತ್ರ ಹದಿನೈದು ನಿಮಿಷ ಕ್ಯಾಮೆರಾದ ಮುಂದೆ ಕೂತು, ಮರುದಿನ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆಯ ಟಾಕೀಸುಗಳಿಗೆ ಬರುವ ಹೊಸ ಸಿನಿಮಾಗಳ ವಿಷಯ ಹೇಳುತ್ತಾಳೆ. ಅವಳ ನೋಡುಗರು ಕೇಳುವುದು ನಾಯಕ ಯಾರು ಎಂದಲ್ಲ. ಅದು ಪೋಸ್ಟರಿನಲ್ಲೇ ಇರುತ್ತದೆ. ಎಷ್ಟು ಹೊತ್ತಿನ ಸಿನಿಮಾ, ಬಿಟ್ಟ ಮೇಲೆ ಊರಿಗೆ ಬಸ್ಸು ಸಿಗುತ್ತದೆಯೇ, ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಬಹುದೇ, ಇಷ್ಟೇ ಅವರಿಗೆ ಬೇಕು. ಸಿನಿಮಾ ನೋಡುವ ಮೊದಲೇ ಅದರ ಬಗ್ಗೆ ಮಾತಾಡುವುದು ಅಪಾಯದ ಕೆಲಸವೆಂದು ರೂಪಶ್ರೀಗೆ ಗೊತ್ತು. ಅದಕ್ಕಾಗಿ ಒಂದು ನಿಯಮ ಮಾಡಿಕೊಂಡಿದ್ದಳು. ತಾನು ಕಣ್ಣಾರೆ ಕಂಡದ್ದು ಯಾವುದು, ಬೇರೆಯವರಿಂದ ಕೇಳಿದ್ದು ಯಾವುದು, ಬರೀ ಊಹೆ ಯಾವುದು ಎಂದು ಪ್ರತಿ ಮಾತಿಗೂ ಮುಂಚೆ ಹೇಳಿಬಿಡುತ್ತಿದ್ದಳು. ಟ್ರೈಲರ್ ನೋಡಿ ಚೆನ್ನಾಗಿದೆ ಎನ್ನುವುದು ಒಂದು ಹಿಡಿ ಮಣ್ಣು ನೋಡಿ ಹೊಲಕ್ಕೆ ಸರ್ಟಿಫಿಕೇಟು ಕೊಟ್ಟ ಹಾಗೆ ಎಂಬುದು ಅವಳ ಅಭಿಪ್ರಾಯ.

ಕಂಠಪ್ಪ ಬೇಸಿಗೆಯಲ್ಲಿ ತನ್ನ ಹೊಗೆಸೊಪ್ಪಿನ ಹೊಲದ ಮಣ್ಣು ತಂದುಕೊಟ್ಟಿದ್ದ. ನಂಬರು ಆಗ ಪಡೆದದ್ದು. ಈಗ ಅವನ ವಿಷಯ ಮಣ್ಣಲ್ಲ. ಹೋದ ವರ್ಷ ಬೆಟ್ಟದ ಕೆಳಗೆ ಒಂದು ಸಿನಿಮಾದವರು ಬಂದು ಎರಡು ದಿನ ಚಿತ್ರೀಕರಣ ಮಾಡಿದ್ದರು. ಸೊಪ್ಪು ಪೋಣಿಸುವ ಚಪ್ಪರದಲ್ಲಿ ಕೂತಿದ್ದ ಕಂಠಪ್ಪನ ಹೆಂಡತಿ ಶಿವರುದ್ರಮ್ಮನ ಹತ್ತಿರ ನಾಯಕಿ ಬಂದು ಬೆಟ್ಟಕ್ಕೆ ದಾರಿ ಕೇಳಬೇಕು, ಶಿವರುದ್ರಮ್ಮ ಕೈ ತೋರಿಸಿ "ಅಂಗೇ ನೆಟ್ಟಗೆ ಓಗಿ" ಎನ್ನಬೇಕು. ಆ ಮೂರು ಮಾತು ಒಂದು ವರ್ಷದಿಂದ ಬೀದಿಯಲ್ಲೆಲ್ಲ ಓಡಾಡುತ್ತಿತ್ತು. ಅಂಗಡಿಗೆ ದಾರಿ ಕೇಳಿದರೂ ಮಕ್ಕಳು ಶಿವರುದ್ರಮ್ಮನಂತೆ ಕೈ ಚಾಚಿ ಅದನ್ನೇ ಹೇಳುತ್ತಿದ್ದರು. 'ದಾರಿ ಕೇಳಿದವಳು' ಎಂಬ ಆ ಸಿನಿಮಾ ನಾಳೆ ಬಿಡುಗಡೆ. ಇಡೀ ಬೀದಿ ಟೆಂಪೋ ಮಾಡಿಕೊಂಡು ಪಿರಿಯಾಪಟ್ಟಣದ ಮ್ಯಾಟಿನಿಗೆ ಹೊರಟಿತ್ತು, ಕಂಠಪ್ಪನೊಬ್ಬನನ್ನು ಬಿಟ್ಟು.

ಕಾರಣ ಬ್ಯಾರನ್. ಸೊಪ್ಪು ಹದ ಮಾಡುವ ಆ ಇಟ್ಟಿಗೆ ಮನೆಯಲ್ಲಿ ಬೆಂಕಿ ಹಾಕಿ ಮೂರನೇ ದಿನ. ಎಲೆಯ ಹಳದಿ ಬಣ್ಣ ನಿಲ್ಲುವ ಹೊತ್ತು ಅದು. ನಾಳೆ ಮಧ್ಯಾಹ್ನಕ್ಕೆ ಒಳಗೆ ನೂರ ಮೂವತ್ತು ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. ನೂರ ಇಪ್ಪತ್ತೈದಕ್ಕಿಂತ ಕೆಳಗೆ ಇಳಿದರೆ ಎಲೆ ಕೆಂಪಾಗುತ್ತದೆ. ಮೂರು ತಿಂಗಳ ಬೆಳೆ ಹರಾಜು ಕಟ್ಟೆಯಲ್ಲಿ ಕೊನೆಯ ದರ್ಜೆಗೆ ಬೀಳುತ್ತದೆ. ತಾನು ಬರುವುದಿಲ್ಲ ಎಂದು ಹೆಂಡತಿಗೆ ಖಡಾಖಂಡಿತವಾಗಿ ಹೇಳಿದ್ದಾಗಿತ್ತು. ಆದರೆ ಸರ್ವೆ ಮರದ ಎರಡು ದಪ್ಪ ದಿಮ್ಮಿ ತುರುಕಿ ಒಲೆಯ ಬಾಗಿಲು ಅರ್ಧ ಮುಚ್ಚಿದರೆ ಒಂದು ಗಂಟೆ ಕಾವು ತಡೆಯುತ್ತದೆ ಎಂದು ಅವನ ಲೆಕ್ಕ. ಟಾಕೀಸಿಗೆ ಬೈಕಿನಲ್ಲಿ ಇಪ್ಪತ್ತೈದು ನಿಮಿಷ, ವಾಪಸು ಇಪ್ಪತ್ತೈದು. ನಡುವೆ ಉಳಿಯುವುದು ಹತ್ತು ನಿಮಿಷ.

"ಮೇಡಮ್ಮೋರೆ, ನಮ್ಮನೆಯವ್ಳು ಎಷ್ಟನೇ ನಿಮಿಷಕ್ಕೆ ಬತ್ತಾಳೆ ಅಂತ ಏಳ್ಬುಡಿ" ಎಂದ. "ಅದೊಂದು ನೋಡ್ಕಂಡು ಬಂದ್ಬುಡ್ತೀನಿ. ಅವ್ಳಿಗೆ ಗೊತ್ತಾಗದು ಬ್ಯಾಡ."

"ಸಿನಿಮಾ ನಾನೂ ನೋಡಿಲ್ಲ ಕಂಠಪ್ಪನವರೆ."

"ನೋಡ್ದೇನೆ ನಾಕು ತಾಲ್ಲೂಕ್ಗೆ ಏಳ್ತೀರಲ್ಲ, ನಂಗೊಬ್ಬಂಗೆ ಏಳಾಕಾಗಲ್ವಾ?"

ನಾಳೆ ಬೆಳಿಗ್ಗೆ ಹುಣಸೂರಿನಲ್ಲಿ ಮೊದಲ ಪ್ರದರ್ಶನ ನೋಡಿ ನಿಮಿಷ ಹೇಳುತ್ತೇನೆ ಎಂದು ರೂಪಶ್ರೀ ಮಾತು ಕೊಟ್ಟಳು.

ಏಳು ಗಂಟೆಗೆ ಕಾರ್ಯಕ್ರಮ ಶುರುವಾಯಿತು. ಕೆ.ಆರ್. ನಗರಕ್ಕೆ ಬರುತ್ತಿರುವ ಪೊಲೀಸ್ ಸಿನಿಮಾದ ಎರಡು ನಿಮಿಷದ ಟ್ರೈಲರಿನಲ್ಲಿ ಏಳು ಜೀಪು ಗಾಳಿಯಲ್ಲಿ ಹಾರಿವೆ ಎಂದೂ, ಇದು ತಾನು ಕಂಡದ್ದು ಎಂದೂ, ಈ ಲೆಕ್ಕದಲ್ಲಿ ಪೂರ್ತಿ ಸಿನಿಮಾ ಮುಗಿಯುವ ಹೊತ್ತಿಗೆ ಜಿಲ್ಲೆಯಲ್ಲಿ ಜೀಪು ಉಳಿಯುವುದಿಲ್ಲ, ಆದರೆ ಇದು ಊಹೆ ಎಂದೂ ಹೇಳಿದಳು. ಕೋಟೆಯ ಟಾಕೀಸಿಗೆ ಮಲಯಾಳಂ ದೆವ್ವದ ಸಿನಿಮಾ. ಬೀಚನಹಳ್ಳಿಯ ಕಡೆ ರೆಸಾರ್ಟಿನಲ್ಲಿ ಕೆಲಸ ಮಾಡುವ ಹುಡುಗರು ಒಂದು ವಾರದಿಂದ ಕೇಳುತ್ತಿದ್ದರು. ರಾತ್ರಿ ಆಟ ಬಿಟ್ಟ ಮೇಲೆ ಕಾಡಿನ ಅಂಚಿನ ದಾರಿಯಲ್ಲಿ ಹೋಗಬೇಕಾದವರು ಸಂಜೆಯ ಆಟಕ್ಕೇ ಹೋಗುವುದು ಒಳ್ಳೆಯದು, ದೆವ್ವಕ್ಕಲ್ಲ, ಆನೆಗೆ, ಎಂದಳು. ಕೊನೆಯಲ್ಲಿ 'ದಾರಿ ಕೇಳಿದವಳು'. ಹುಣಸೂರಿನಲ್ಲಿ ಬೆಳಿಗ್ಗೆ ಹತ್ತೂವರೆ, ಪಿರಿಯಾಪಟ್ಟಣದ ಹೊಸ ಟಾಕೀಸಿನಲ್ಲಿ ಮಧ್ಯಾಹ್ನ ಒಂದೂವರೆ. ಬೆಟ್ಟದಪುರದ ಒಬ್ಬರು ಇದ್ದಾರೆಂದು ಕೇಳಿದ್ದೇನೆ, ಕಂಡಿಲ್ಲ ಎಂದಳು. ಬೆಟ್ಟದಪುರದಲ್ಲಿ ಆ ಕೊನೆಯ ಮಾತನ್ನು ಯಾರೂ ಮೆಚ್ಚಲಿಲ್ಲವಂತೆ.

ಮರುದಿನ ರಜೆ ಹಾಕಿ ಅವಳು ಹುಣಸೂರಿನ ಟಾಕೀಸಿನಲ್ಲಿ ಕೂತಳು. ಮೊದಲ ದೃಶ್ಯ ಮೂಡಿದ ಕ್ಷಣದಿಂದ ಗಡಿಯಾರ ಹಿಡಿದಳು. ಶಿವರುದ್ರಮ್ಮ ಐವತ್ತೆರಡನೇ ನಿಮಿಷಕ್ಕೆ ಬಂದಳು. ಕೈ ತೋರಿಸಿದಳು, "ಅಂಗೇ ನೆಟ್ಟಗೆ ಓಗಿ" ಎಂದಳು. ಅಷ್ಟಕ್ಕೇ ನಿಲ್ಲಿಸದೆ, ಬೀದಿಯ ಯಾರಿಗೂ ಗೊತ್ತಿಲ್ಲದ ಇನ್ನೊಂದು ಮಾತನ್ನೂ ಹೇಳಿದಳು. ಹುಣಸೂರಿನವರು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ರೂಪಶ್ರೀ.

ಮಧ್ಯಂತರದಲ್ಲಿ ಫೋನು ಮಾಡಿ ನಿಮಿಷ ಹೇಳಿದಳು. ಒಂದೂವರೆಗೆ ಆಟ ಶುರು, ಆದ್ದರಿಂದ ಎರಡು ಇಪ್ಪತ್ತೆರಡಕ್ಕೆ ಶಿವರುದ್ರಮ್ಮ.

"ಏನಂತಾಳೆ?" ಎಂದ ಕಂಠಪ್ಪ.

"ಅದು ಮಾತ್ರ ಹೇಳಲ್ಲ. ಮುಂಚೇನೇ ಹೇಳಿದ್ರೆ ನೀವು ಬಂದೂ ಉಪಯೋಗ ಇಲ್ಲ."

ಆಟ ಮುಗಿದ ಕೂಡಲೆ ಅವಳೂ ಪಿರಿಯಾಪಟ್ಟಣದ ಬಸ್ಸು ಹತ್ತಿದಳು. ಆ ಮಾತನ್ನು ಕಂಠಪ್ಪ ಕೇಳುವಾಗ ತಾನೂ ಇರಬೇಕೆಂಬ ಆಸೆ, ಅಷ್ಟೇ.

ಹೊಸ ಟಾಕೀಸು ಎಂದು ಕರೆಸಿಕೊಳ್ಳುವ ಅದು ಕಟ್ಟಿ ಮೂವತ್ತು ವರ್ಷದ ಮೇಲಾಗಿದೆ. ರೂಪಶ್ರೀ ತಲುಪಿದಾಗ ಆಟ ಶುರುವಾಗಿ ಹತ್ತು ನಿಮಿಷ ಕಳೆದಿರಬೇಕಿತ್ತು. ನೋಡಿದರೆ ಜನ ಇನ್ನೂ ಹೊರಗೆ ನಿಂತು ಚುರುಮುರಿ ತಿನ್ನುತ್ತಿದ್ದರು. ಮ್ಯಾನೇಜರೂ ಆಪರೇಟರೂ ಆದ ಬೆಟ್ಟಸ್ವಾಮಿ ರಸ್ತೆಯ ನಡುವೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು ಬೆಟ್ಟದಪುರದ ದಿಕ್ಕು ನೋಡುತ್ತಿದ್ದ. ಕೇಳಿದರೆ ಇದು ಎಂದಿನ ಪದ್ಧತಿಯೇ. ಬ್ಯಾರನ್ ಕಾಲದಲ್ಲಿ ದೂರದ ಊರಿನವರು ಟೆಂಪೋ ಮಾಡಿಕೊಂಡು ಬರುತ್ತೇವೆಂದು ಫೋನು ಮಾಡಿದ್ದರೆ, ಅವರು ಬಂದಿಳಿಯುವ ತನಕ ಆಟ ಬಿಡುವುದಿಲ್ಲ. ಊರಿಗೆಲ್ಲ ಗೊತ್ತಿರುವ ಸಂಗತಿ. ಗೊತ್ತಿಲ್ಲದವಳು ಪೋಸ್ಟರ್ ನೋಡಿ ಹೊತ್ತು ಹೇಳುವ ರೂಪಶ್ರೀ ಒಬ್ಬಳೇ. ಕಂಡದ್ದು ಎಂದು ಅವಳು ಹೇಳುತ್ತ ಬಂದಿದ್ದ ಒಂದೂವರೆ ಗಂಟೆ ನಿಜವಾಗಿ ಕೇಳಿದ್ದೂ ಅಲ್ಲ, ಊಹೆ.

ಟೆಂಪೋ ಬಂದದ್ದು ಇಪ್ಪತ್ತು ನಿಮಿಷ ತಡವಾಗಿ. ಹಸಿರು ರೇಷ್ಮೆ ಸೀರೆಯಲ್ಲಿ ಶಿವರುದ್ರಮ್ಮ ಮೊದಲು ಇಳಿದಳು. ತಡವಾದದ್ದಕ್ಕೆ ಬೆಟ್ಟಸ್ವಾಮಿ ಆಕ್ಷೇಪಿಸುವ ಮೊದಲೇ ಗಂಡನನ್ನು ಬೈಯತೊಡಗಿದಳು. ಒಂದು ಗಾಡಿ ಸೌದೆಯನ್ನು ಬ್ಯಾರನ್ ಬಾಗಿಲಿಗೆ ಜೋಡಿಸಿ ಹೋಗಿ ಎಂದು ಇವತ್ತೇ, ಹೊರಡುವ ಹೊತ್ತಿನಲ್ಲೇ, ಹಟ ಹಿಡಿದನಂತೆ. ರೇಷ್ಮೆ ಸೀರೆ ಉಟ್ಟುಕೊಂಡು ಸೌದೆ ಹೊತ್ತಳಂತೆ. ಆ ಸೌದೆ ಯಾತಕ್ಕೆಂದು ರೂಪಶ್ರೀಗೆ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. ಜನ ಒಳಗೆ ಹೋದ ಮೇಲೆ ಕಂಠಪ್ಪನಿಗೆ ಫೋನು ಮಾಡಿದಳು. ಮತ್ತೆ ಮಾಡಿದಳು. ಅವನಾಗಲೇ ಬೈಕಿನ ಮೇಲಿದ್ದ.

ಬಂದವನ ತೋಳಿಗೆಲ್ಲ ಮಸಿ, ತಲೆಗೆ ಟವೆಲು. ಬೈಕು ನಿಲ್ಲಿಸಿ ನೇರ ಬಾಗಿಲಿಗೆ ಹೊರಟವನನ್ನು ತಡೆದು ರೂಪಶ್ರೀ ವಿಷಯ ಹೇಳಿದಳು. ತಪ್ಪು ತನ್ನದೇ ಎಂದೂ ಹೇಳಿದಳು. ಶಿವರುದ್ರಮ್ಮ ಬರಲು ಇನ್ನೂ ಇಪ್ಪತ್ತೈದು ನಿಮಿಷ. ಕಾದರೆ ಬ್ಯಾರನ್ ಬಿಟ್ಟು ಒಂದೂಕಾಲು ಗಂಟೆಯಾಗುತ್ತದೆ. ಕಂಠಪ್ಪನ ಲೆಕ್ಕದಲ್ಲಿ ಇದ್ದದ್ದು ಒಂದೇ ಗಂಟೆ.

ಅವನು ಅಣ್ಣನ ಮಗ ಗೌರೀಶನಿಗೆ ಫೋನು ಮಾಡಿದ. ಗೌರೀಶ ಹೊಟ್ಟೆನೋವು ಎಂದು ಬೆಳಿಗ್ಗೆಯಿಂದ ಮನೆಯಲ್ಲೇ ಮಲಗಿದ್ದನಂತೆ. ಎದ್ದು ಒಲೆಗೆ ಒಂದು ದಿಮ್ಮಿ ಹಾಕಿದರೆ ಸಾಕಿತ್ತು. ಫೋನಿನ ಗಂಟೆ ಮೊಳಗಿತು, ಕಂಠಪ್ಪನ ಕಿವಿಯಲ್ಲೂ, ಟಾಕೀಸಿನ ಒಳಗೂ. ಪರದೆ ಸರಿಸಿಕೊಂಡು ಹೊರಗೆ ಬಂದ ಗೌರೀಶ, ಚಿಕ್ಕಪ್ಪನನ್ನು ಕಂಡು ಹೊಟ್ಟೆ ಹಿಡಿದುಕೊಂಡ. ತಾನೀಗಲೇ ಊರಿಗೆ ಹೋಗಿ ಬ್ಯಾರನ್ ನೋಡಿಕೊಳ್ಳುತ್ತೇನೆ ಎಂದ.

"ಓದ್ವರ್ಸ ನೀನು ನೋಡ್ಕಂಡಿದ್ದು ಸಾಕು ಕಣ್ಲಾ. ಇನ್ನೂ ಆ ಸುಟ್ಟ ಸೊಪ್ಪಿನ ವಾಸ್ನೆ ಮೂಗಲ್ಲೈತೆ. ಓಗಿ ಕೂತ್ಕೋ."

ಬೆಟ್ಟಸ್ವಾಮಿ ಪ್ರೊಜೆಕ್ಟರ್ ಕೋಣೆಯ ಕಿಂಡಿಯಿಂದ ಇಣುಕಿ, ಈಗಿನದು ಕಂಪ್ಯೂಟರು, ಬೇಕಾದರೆ ಸಿನಿಮಾವನ್ನು ಶಿವರುದ್ರಮ್ಮನ ಜಾಗಕ್ಕೆ ಓಡಿಸಿಬಿಡುತ್ತೇನೆ ಎಂದ. ಕಂಠಪ್ಪ ಅಡ್ಡಡ್ಡ ತಲೆಯಾಡಿಸಿಬಿಟ್ಟ.

"ಬ್ಯಾಡಿ. ಕಾಸು ಕೊಟ್ಟು ಕೂತವ್ರೆ. ನನ್ನ ಸೊಪ್ಪು ಉಳ್ಸಾಕೆ ಅವ್ರ ಸಿನಿಮಾ ಸುಡದಾ?"

ಬೈಕಿನ ಕಡೆ ನಾಲ್ಕು ಹೆಜ್ಜೆ ಇಟ್ಟ. ನಿಂತ. ತಿರುಗಿ ಬಂದು ಟಾಕೀಸಿನ ಬಾಗಿಲ ಪರದೆಯೊಳಗೆ ಗೋಡೆಗೆ ಒರಗಿಕೊಂಡ. ರೂಪಶ್ರೀ ಪಕ್ಕದಲ್ಲಿ ನಿಂತಳು.

ತೆರೆಯ ಮೇಲೆ ನಾಯಕಿ ಬಸ್ಸು ತಪ್ಪಿಸಿಕೊಂಡಳು, ಚಪ್ಪಲಿ ಹರಿದುಕೊಂಡಳು, ಒಂದು ಹಾಡು ಹಾಡಿದಳು. ಕಂಠಪ್ಪನ ಕಣ್ಣು ತೆರೆಯ ಮೇಲಿದ್ದರೂ ಮನಸ್ಸು ಒಲೆಯ ಬಾಯಲ್ಲಿತ್ತು. "ನೂರಿಪ್ಪತ್ತೊಂಬತ್ತು" ಎಂದ, ತನಗೇ. ನಾಯಕಿ ಎರಡನೇ ಹಾಡು ತೆಗೆದಾಗ "ನೂರಿಪ್ಪತ್ತೆಂಟು" ಎಂದು ಹಲ್ಲು ಕಡಿದ. ಹಾಡುಗಳಿಗೂ ಕಾವಿಗೂ ಹೀಗೊಂದು ಸಂಬಂಧ ಇರಬಹುದೆಂದು ರೂಪಶ್ರೀ ಎಂದೂ ಯೋಚಿಸಿರಲಿಲ್ಲ.

ಆಮೇಲೆ ಬೆಟ್ಟ ಕಾಣಿಸಿತು, ಅದರ ಕೆಳಗೆ ಚಪ್ಪರ. ಬೆಟ್ಟದಪುರದ ಸಾಲುಗಳಲ್ಲಿ ಮಾತು ನಿಂತಿತು. ಶಿವರುದ್ರಮ್ಮ ತಲೆ ಎತ್ತದೆ ಎಲೆ ಪೋಣಿಸುತ್ತಿದ್ದಳು. ನಾಯಕಿ ದಾರಿ ಕೇಳಿದಳು. ಕೈ ಚಾಚಿತು. "ಅಂಗೇ ನೆಟ್ಟಗೆ ಓಗಿ." ಎರಡು ಸಾಲು ಒಟ್ಟಿಗೆ ಶಿಳ್ಳೆ ಹಾಕಿದವು. ದಾರಿ ತಪ್ಪಿದರೆ ಕೇಳುವುದಕ್ಕೆ ಅಲ್ಲಿ ಯಾರಾದರೂ ಇರುತ್ತಾರಾ ಎಂದಳು ನಾಯಕಿ. ಶಿವರುದ್ರಮ್ಮ ಆಗ ತಲೆ ಎತ್ತಿದಳು. ಅಷ್ಟು ದೊಡ್ಡ ತೆರೆಯ ತುಂಬ ಅವಳ ಮುಖ.

"ಬ್ಯಾರನ್ ತಾವ ನಮ್ಮನೆಯವ್ರು ಅವ್ರೆ, ಕೇಳಿ. ಸಿವನೇ ಬಂದು ಕರುದ್ರೂ ಬ್ಯಾರನ್ ಬುಟ್ಟು ಎಲ್ಲೂ ಓಗಾಕಿಲ್ಲ ಅವ್ರು."

ಟಾಕೀಸು ನಕ್ಕಿತು. ಬೀದಿಯ ಹೆಂಗಸರು ಶಿವರುದ್ರಮ್ಮನ ಬೆನ್ನಿಗೆ ಗುದ್ದಿದರು. ಒಂದು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಮಾತು ಹೊರಬಂದ ಸಂಕೋಚಕ್ಕೆ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಗೌರೀಶನಿಗೆ ತಡೆಯಲಾಗಲಿಲ್ಲ. "ಚಿಕ್ಕಮ್ಮ, ಒಸಿ ಬಾಗ್ಲ ಕಡೆ ನೋಡು" ಎಂದ.

ಶಿವರುದ್ರಮ್ಮ ತಿರುಗಿದಳು. ಅವಳ ಹಿಂದೆ ಇಡೀ ಬೀದಿ ತಿರುಗಿತು. ಪರದೆಯ ಸಂದಿನ ಬೆಳಕಿನಲ್ಲಿ ಕಂಠಪ್ಪ ಮಸಿ ಮೈಯಲ್ಲಿ ನಿಂತಿದ್ದ.

"ಬ್ಯಾರನ್ ಯಾರು ನೋಡ್ತಾವ್ರೆ?" ಎಂದಳು ಶಿವರುದ್ರಮ್ಮ.

ಈ ಸಲದ ನಗೆಯಲ್ಲಿ ನಾಯಕಿಯ ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ. ನಗೆ ತಗ್ಗುವ ತನಕ ಕಂಠಪ್ಪ ಕಾದ.

"ನಿನ್ನ ನೋಡಾಕೆ ಬಂದಿದ್ದೆ ಕಣೆ. ನೋಡ್ದೆ. ಓಯ್ತೀನಿ."

ಬೈಕು ರಸ್ತೆಗೆ ಏರಿದ ಸದ್ದು ಒಳಗಿನ ತನಕ ಬಂತು. ಮಧ್ಯಂತರವಾದಾಗ ಶಿವರುದ್ರಮ್ಮನ ಸುತ್ತ ಜನ ಸೇರಿದರು. ಇಬ್ಬರು ಹುಡುಗಿಯರು ಜೊತೆಗೆ ನಿಂತು ಫೋಟೋ ತೆಗೆಸಿಕೊಂಡರು. ಬೆಲ್ಲು ಹೊಡೆದು ಎಲ್ಲರೂ ಒಳಗೆ ಹೋದರೂ ಅವಳು ಹೋಗಲಿಲ್ಲ. ಮೆಟ್ಟಿಲ ಮೇಲೆ ರೂಪಶ್ರೀಯ ಪಕ್ಕ ಕೂತಳು. ನಾಯಕಿಗೆ ಕೊನೆಗೆ ದಾರಿ ಸಿಗುತ್ತದೆಯೇ ಎಂದು ಸುಮ್ಮನೆ ಕೇಳಿದಳು. ನೋಡಿ ತಿಳಿದುಕೊಳ್ಳಬೇಕು ಎಂದಳು ರೂಪಶ್ರೀ. ತಡವಾದದ್ದಕ್ಕೆ ಯಾರನ್ನು ಬೈಯಬೇಕೆಂಬ ಮಾತೂ ಬಂತು. ಪೋಸ್ಟರಿನ ಹೊತ್ತನ್ನು ನಂಬಿದ ತನ್ನನ್ನೇ ಬೈಯಬೇಕೆಂದು ರೂಪಶ್ರೀ, ಸೌದೆಗೂ ಮೊದಲೇ ಎರಡು ಸಲ ಸೀರೆ ಬದಲಾಯಿಸಿ ಟೆಂಪೋ ಕಾಯಿಸಿದ್ದು ತಾನೇ, ಸೌದೆ ಬರೀ ಹತ್ತು ನಿಮಿಷದ ಕೆಲಸವಾಗಿತ್ತು ಎಂದು ಶಿವರುದ್ರಮ್ಮ. ಸೀರೆಯ ಅಂಚಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಸೌದೆಯ ಚಕ್ಕೆಯನ್ನು ಬಿಡಿಸಿ, ಎಸೆಯದೆ ಕೈಯಲ್ಲೇ ತಿರುವುತ್ತಿದ್ದಳು.

ಮೂರು ಗಂಟೆಯ ಮೇಲೆ ಒಂಬತ್ತು ನಿಮಿಷಕ್ಕೆ ರೂಪಶ್ರೀಯ ಫೋನಿಗೆ ಒಂದು ಫೋಟೋ ಬಂತು. ಮಾತಿಲ್ಲ, ಬರಹವಿಲ್ಲ. ಬ್ಯಾರನ್ನಿನ ಕಿಟಕಿಯ ಗಾಜು, ಅದರ ಹಿಂದೆ ಥರ್ಮಾಮೀಟರು. ಅವಳು ಚಿತ್ರವನ್ನು ಹಿಗ್ಗಿಸಿದಳು.

"ಎಷ್ಟೈತೆ?" ಎಂದಳು ಶಿವರುದ್ರಮ್ಮ.

ನೂರ ಇಪ್ಪತ್ತಾರು ಡಿಗ್ರಿ ಇತ್ತು.