ಏರಿನ ಓಣಿಯ ಸರದಿ

ಯಾವ ಓಣಿಯ ನಳದ ವಾಲ್ವ್ ಮೊದಲು ತಿರುವಬೇಕೆಂಬ ಘನವಾದ ವಿಷಯ ಹೊಳಬಸಪ್ಪನ ಹೆಣದ ಮುಂದೆ ಚರ್ಚೆಗೆ ಬಂದಾಗ, ಅಮರೇಶ ವಾಲ್ವ್ ತಿರುವುವ ಕಬ್ಬಿಣದ ಚಾವಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ. ಊರಿಗೆ ನೀರು ಬಿಡುವ ಕೆಲಸಕ್ಕೆ ಪಂಚಾಯಿತಿ ಅವನನ್ನು ಅಂದು ಬೆಳಿಗ್ಗೆಯಷ್ಟೇ ಹಚ್ಚಿತ್ತು. ಇಷ್ಟು ವರ್ಷ ಆ ಕೆಲಸ ಮಾಡಿದ ಹೊಳಬಸಪ್ಪ ಬಾಗಲಕೋಟೆಯ ದವಾಖಾನೆ ಸೇರಿದಾಗಿನಿಂದ ನಳ ಒಣಗಿದ್ದವು. ಬದಲಿ ಆಳಿಗೆ ಠರಾವು ಆಗಬೇಕಿತ್ತು, ಠರಾವಿಗೆ ಸಭೆ ಆಗಬೇಕಿತ್ತು, ಸಭೆಗೆ ಸದಸ್ಯರು ಮದುವೆಗಳಿಂದ ಮರಳಬೇಕಿತ್ತು. ಈಗ ಹೆಣಕ್ಕೆ ಸ್ನಾನ ಮಾಡಿಸಲು ಮನೆಯಲ್ಲಿ ಒಂದು ಕೊಡ ನೀರಿರಲಿಲ್ಲ.

"ಕೆಳಗಿನ ಓಣಿದು ಮೊದಲ ತಿರುವಲೇ," ಎಂದರು ಅಧ್ಯಕ್ಷ ಶ್ರೀಧರ. "ಮೈ ತೊಳದು, ಹೊತ್ತು ಮುಳುಗೂದ್ರಾಗ ಮಣ್ಣ ಮಾಡೂಣು."

ಹೊಳಬಸಪ್ಪನ ಮನೆಯಂತೆ ಅವರ ಮನೆಯೂ ಅದೇ ಓಣಿಯಲ್ಲಿತ್ತು. ಸಾವಿನ ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ.

"ಬ್ಯಾಡ," ಎಂದಳು ಮುತ್ತವ್ವ. ಗೋಡೆಗೆ ಆನಿಸಿ ಕೂರಿಸಿದ್ದ ಗಂಡನ ಮಗ್ಗುಲಲ್ಲೇ ಕುಳಿತಿದ್ದಳು. "ಮೊದಲ ಏರಿನ ಓಣಿ. ಕಡೀಕ ನಮ್ಮದು."

"ಏ ಯಕ್ಕಾ, ಹೆಣಾನೂ ಪಾಳಿಗೆ ನಿಲ್ಲಸ್ತೀಯೇನ?" ಎಂದರು ಅಧ್ಯಕ್ಷರು.

*

ಮಗಳು ಶೀಲಾಳ ಮದುವೆಯ ದಿನ ಮುತ್ತವ್ವನೇ ಗಂಡನನ್ನು ತಡೆದಿದ್ದಳು.

"ಬೀಗರು ಬಂದಾರ. ಇವತ್ತೊಂದಿನ ನಮ್ಮ ಓಣಿಗೆ ಮೊದಲ ಬಿಡ್ರಿ."

"ಟಾಕಿ ತುಂಬಿದಾಗಷ್ಟ ನೀರು ಏರಿಗೆ ಹತ್ತತೈತಿ. ಅರ್ಧಾ ಆತಂದ್ರ ಅವರ ನಳಕ್ಕ ಬರೇ ಗಾಳಿ," ಎಂದು ಹೊಳಬಸಪ್ಪ ಹೊರಟೇಬಿಟ್ಟ.

ಬೀಗರು ಮಧ್ಯಾಹ್ನದ ತನಕ ಮುಖ ತೊಳೆಯದೆ ಕೂತರು. ಮುತ್ತವ್ವ ಯುಗಾದಿಯವರೆಗೆ ಗಂಡನೊಡನೆ ಮಾತು ಬಿಟ್ಟಳು. ಅವನು ನೀರನ್ನು ಮಾತ್ರ ಅದೇ ಸರದಿಯಲ್ಲಿ ಬಿಡುತ್ತ ಹೋದ.

*

"ಹೋದಾಂವಗ ಇದೆಲ್ಲಾ ಎಲ್ಲಿ ಗೊತ್ತಾಗತೈತಿ?" ಎಂದರು ಶ್ರೀಧರ.

"ನನಗ ಗೊತ್ತಾಗತೈತೆಲ್ಲ! ಇವತ್ತ ನಮ್ಮದು ಮೊದಲ ಬಿಟ್ರ, ಇಷ್ಟ ವರ್ಷ ಖಾಲಿ ಕೊಡಾ ಇಟಕೊಂಡು ಕುಂತ ನಾ ಹುಚ್ಚಿ ಆದ್ನಿಲ್ಲೋ?" ಅವಳು ಅಮರೇಶನ ಕಡೆ ತಿರುಗಿದಳು. "ಇವತ್ತ ನೀ ಹೆಂಗ ಬಿಡ್ತಿ, ನಾಳೆ ಅದ ರೂಢಿ ಆಗತೈತಿ. ಹೋಗಪಾ."

ಅಮರೇಶ ಅಧ್ಯಕ್ಷರ ಮುಖ ನೋಡಿದ. ಆಮೇಲೆ ಚಾವಿ ಹೆಗಲಿಗೇರಿಸಿ ಏರು ಹತ್ತಿದ.

ಅಂಗಳದ ಬಿಸಿಲು ಇಳಿಯಿತು. ಕ್ರಿಯೆ ಮಾಡಿಸಲು ಬಂದ ಅಯ್ಯನವರು ಮತ್ತೆ ಮತ್ತೆ ಆಕಾಶ ನೋಡಿದರು. ಅಷ್ಟರಲ್ಲಿ ಏರಿನ ಓಣಿಯ ಹುಸೇನಬಿ ತಲೆಯ ಮೇಲೆ ತುಂಬಿದ ಕೊಡ ಹೊತ್ತು ಇಳಿದು ಬಂದಳು. ಹಿಂದೆ ಆ ಓಣಿಯ ಹೆಂಗಸರೆಲ್ಲ ಕೊಡ ಹೊತ್ತು ಬಂದರು.

"ಮೊದಲ ಬಂದ ನೀರ ಐತಿ ಮುತ್ತವ್ವಾ. ಕುಡಿಯಾಕ ಸೈತ ಮುಟ್ಟಿಲ್ಲ."

ಅಯ್ಯನವರು ಹುಸೇನಬಿಯ ಕೊಡ ನೋಡಿ ಏನೋ ಹೇಳಲು ಬಾಯಿ ತೆರೆದು, ಹೊತ್ತು ನೋಡಿ, ಜೋಳಿಗೆಯಿಂದ ವಿಭೂತಿ ತೆಗೆದರು. ಮುತ್ತವ್ವ ಎದ್ದು ಕೊಡಕ್ಕೆ ಕೈ ಕೊಟ್ಟು ಇಳಿಸಿಕೊಂಡಳು.

ಹೊಳಬಸಪ್ಪನ ಸ್ನಾನವಾಯಿತು. ಕೆಳಗಿನ ಓಣಿಯ ನಳಕ್ಕೆ ನೀರು ಬಂದಾಗ ಅಲ್ಲಿನವರೆಲ್ಲ ಮಣ್ಣಿಗೆ ಹೋಗಿದ್ದರು.