ಬೆಲ್ಟ್ ಕೇಳಿದವನ ಹೆಂಡತಿ

"ಇನ್ನೊಂದು ಸಲ ಅಳಿ ಅಮ್ಮಾ. ಮೈಕ್ ಆನ್ ಆಗಿರ್ಲಿಲ್ಲ."

ಹಾಗೆಂದವನು ಕನ್ನಡ ಚಾನೆಲ್ಲಿನ ಪ್ರಶಾಂತ. ಧಾರಾವಿಯ ಆ ಓಣಿಯಲ್ಲಿ ಕ್ಯಾಮೆರಾದವನಿಗೆ ನಿಲ್ಲಲು ಜಾಗವಿರಲಿಲ್ಲ. ಗಟಾರದ ಅಂಚಿಗೆ ಒಂದು ಕಾಲಿಟ್ಟು, ಗುರುಬಾಯಿಯ ಮುಖಕ್ಕೆ ಬೆಳಕು ಬೀಳಲೆಂದು ಬಾಗಿಲ ಪರದೆ ಎತ್ತಿ ಹಿಡಿಯುವಂತೆ ನೆರೆಮನೆಯ ಇಂದ್ರಾಬಾಯಿಗೆ ಹೇಳಿದ. ಗಂಡ ಮರೆಪ್ಪನನ್ನು ಮಣ್ಣು ಮಾಡಿ ಬಂದ ಗುರುಬಾಯಿ ಇನ್ನೂ ಒಂದು ಗುಟುಕು ನೀರು ಕುಡಿದಿರಲಿಲ್ಲ.

ಅಳುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಅವಳಿಗೆ ಹೇಳುವುದೊಂದಿತ್ತು. ಅಳುವಿನ ನಡುವೆಯೇ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮ್ಯಾಲ ಏರೂ ಮುಂದ ಅವ ಸೊಂಟಕ್ಕ ಕಟ್ಟೂ ಬೆಲ್ಟ್ ಕೇಳಿದ್ದ ರೀ. ಕೇಳಿದ್ದಕ್ಕ ಮುಕಾದಮ, 'ನಿಮ್ಮಪ್ಪ ಕಟ್ಟಿದ್ನೇನಲೇ ಬೆಲ್ಟ್, ಸೂಳಿಮಗನ, ಏರು ಮ್ಯಾಲ' ಅಂದನಂತ. ಖಂಡಪ್ಪ ಬಾಜೂಕ ಇದ್ದ. ಅವನ್ನ ಕೇಳ್ರಿ."

ಬಾಂದ್ರಾದ ಹಳೆಯ ಬಿಲ್ಡಿಂಗೊಂದರ ಹೊರಗೋಡೆಗೆ ಪ್ಲಾಸ್ಟರ್ ಮಾಡುವಾಗ ಬಿದಿರಿನ ಅಟ್ಟಣಿಗೆಯಲ್ಲಿ ಕಾಲಡಿಯ ಹಲಗೆ ಜಾರಿ ಮರೆಪ್ಪ ಬಿದ್ದಿದ್ದ. ಪಕ್ಕದಲ್ಲಿದ್ದ ಖಂಡಪ್ಪ ಕಿಟಕಿಯ ಸರಳು ಹಿಡಿದು ಉಳಿದ. ಇಬ್ಬರೂ ಯಾದಗಿರಿ ಕಡೆಯ ಒಂದೇ ಊರಿನವರು. ಅವರನ್ನು ಕೂಲಿಗೆ ಕರೆತಂದು ದುಡಿಸುತ್ತಿದ್ದ ಮುಕಾದಮ ಶಿವಪುತ್ರನೂ ಆ ಕಡೆಯವನೇ. ಹೆಣಕ್ಕೆ ಮೊದಲು ಹೆಗಲು ಕೊಟ್ಟವನು ಖಂಡಪ್ಪ. ಬೆಲ್ಟಿನ ಮಾತನ್ನು ಎಲ್ಲರ ಮುಂದೆ ಹೇಳುತ್ತೇನೆಂದು ಸ್ಮಶಾನದಿಂದ ಬರುವಾಗ ತಾನಾಗಿಯೇ ಅವಳಿಗೆ ಮಾತು ಕೊಟ್ಟಿದ್ದ.

ಗುರುಬಾಯಿ ಗ್ರಾಂಟ್ ರೋಡಿನಲ್ಲಿ ಉಡುಪಿಯ ಶೇಖರಣ್ಣನ ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳು. ಹೆಚ್ಚು ದಿನ ಮನೆಯಲ್ಲಿ ಕೂತರೆ ಆ ಜಾಗಕ್ಕೆ ಇನ್ನೊಬ್ಬಳು ಬರುತ್ತಾಳೆ ಎಂದು ಇಂದ್ರಾಬಾಯಿ ಎಚ್ಚರಿಸಿದಳು. ಮೂರು ದಿನದ ಕಾರ್ಯ ಮುಗಿಸಿ ಗುರುಬಾಯಿ ಕೆಲಸಕ್ಕೆ ಹೋದಳು. ಮೇಜು ಒರೆಸುವವನು ಊರಿಗೆ ಹೋಗಿದ್ದ. ಶೇಖರಣ್ಣ ಬಟ್ಟೆ ಕೊಟ್ಟು ಅವಳನ್ನೇ ಹೊರಗೆ ಕಳಿಸಿದರು.

ಟೀವಿಯ ಕೆಳಗಿನ ಮೇಜಿನಲ್ಲಿ ದಿನಾ ಬರುವ ಇಬ್ಬರು ಹಿರಿಯರಿದ್ದರು. ಇಡ್ಲಿ ಬರುವ ತನಕ ಮಹಾನಗರಪಾಲಿಕೆಯನ್ನು ಬೈದರು, ಬಂದ ಮೇಲೆ ದಿಲ್ಲಿಯನ್ನು ಬೈದರು. ಚಾನೆಲಿನವರೆಲ್ಲ ಮಾರಿಕೊಂಡವರು, ಒಂದಕ್ಷರ ನಂಬುವಂತಿಲ್ಲ ಎಂದರು ಒಬ್ಬರು. ಈಗ ಯಾರಿಗೂ ಮೈಬಗ್ಗಿಸಿ ದುಡಿಯುವುದು ಬೇಡ ಎಂದರು ಇನ್ನೊಬ್ಬರು. ಅವರು ಮೊಣಕೈ ಎತ್ತಿದಾಗಲೆಲ್ಲ ಗುರುಬಾಯಿ ಆ ಜಾಗ ಒರೆಸುತ್ತಿದ್ದಳು.

ಅಷ್ಟರಲ್ಲಿ ಟೀವಿಯಲ್ಲಿ ಅವಳ ಮುಖ ಬಂತು. ಬಾಯಿ ತೆರೆದು ಅಳುತ್ತಿದ್ದಳು. ಮಾತಿಲ್ಲ, ಹಿಂದೆ ಶಹನಾಯಿ. ಬೆಲ್ಟಿನ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕತ್ತೆತ್ತಿ ಕಾದಳು. ಬಂದವನು ಖಂಡಪ್ಪ. ಅವನ ಕಣ್ಣು ಕ್ಯಾಮೆರಾದ ಮೇಲಿರಲಿಲ್ಲ, ಪಕ್ಕದಲ್ಲಿ ನಿಂತ ಯಾರ ಮೇಲೋ ಇತ್ತು.

"ಅವತ್ತ ಅವ ಒಂಚೂರು ತಗೊಂಡಿದ್ದ ರೀ. ನಾವು ಬ್ಯಾಡಂದ್ವಿ."

"ನೋಡಿ, ಅವರದೇ ಜನ ಹೇಳ್ತಾರೆ," ಎಂದರು ಚಾನೆಲನ್ನು ನಂಬದಿದ್ದವರು. "ಕುಡಿದು ಬೀಳೋದು, ಆಮೇಲೆ ಪರಿಹಾರಕ್ಕೆ ಹೆಂಡತಿ ಬಂದು ಅಳೋದು."

ಇನ್ನೊಬ್ಬರು ಚಟ್ನಿ ಬೇಕೆಂದು ಗುರುಬಾಯಿಗೆ ಸನ್ನೆ ಮಾಡಿದರು. ಅವಳ ಮುಖ ನೋಡಿಯೇ ಮಾಡಿದರು. ಗುರುತು ಹತ್ತಲಿಲ್ಲ.

"ಆಕಿ ನಾನೇ ರೀ," ಎಂದಳು ಅವಳು. "ನನ್ನ ಗಂಡ ಕುಡದಿರಲಿಲ್ಲ. ಅವತ್ತ ಡಬ್ಬಿ ಕಟ್ಟಿಕೊಟ್ಟಾಕಿ ನಾನು. ಅವನ ಬಾಯಿ ವಾಸನಿ ನನಗ ಗೊತ್ತಿಲ್ಲೇನು?"

ಶೇಖರಣ್ಣ ಕೌಂಟರಿನಿಂದ ಎದ್ದು ಬಂದರು. ಗದರಲಿಲ್ಲ. ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು, "ಗಿರಾಕಿಗಳ ಹತ್ರ ಈ ರಾಜಕೀಯ ಎಲ್ಲ ಬೇಡ ಮಾರಾಯ್ತಿ. ಒಳಗೆ ಹೋಗು," ಎಂದರು. ಆಮೇಲೆ ರಿಮೋಟು ಹುಡುಕಿ ಕ್ರಿಕೆಟ್ ಹಾಕಿದರು.

ಪಾತ್ರೆಗಳ ರಾಶಿಯ ಮುಂದೆ ಕೂತಳು. ಮರೆಪ್ಪ ಒಂದು ಕಾಲಕ್ಕೆ ಕುಡಿಯುತ್ತಿದ್ದುದು ನಿಜ. ಮಗಳು ಜ್ವರದಲ್ಲಿ ತೀರಿಕೊಂಡ ವರ್ಷ ಬಿಟ್ಟ. ಎಷ್ಟು ದಿನ ನಡೆಯುತ್ತದೋ ನೋಡೋಣವೆಂದು ಓಣಿಯವರು ನಕ್ಕಿದ್ದರು. ಸಂಜೆಯಾದರೆ ಚಹದ ಲೋಟ ಹಿಡಿದ ಅವನ ಕೈ ತರತರ ನಡುಗುತ್ತಿತ್ತು. ಚಹ ತುಳುಕದಂತೆ ಆ ಕೈಯ ಮೇಲೆ ತನ್ನ ಕೈಯಿಟ್ಟು ಅವಳು ಕೂರುತ್ತಿದ್ದಳು. ನಡುಕ ನಿಲ್ಲಲು ಒಂದು ಮಳೆಗಾಲ ಹಿಡಿಯಿತು. ಅಷ್ಟು ಕಷ್ಟಪಟ್ಟು ಬಿಟ್ಟದ್ದನ್ನು ಸತ್ತ ಮೇಲೆ ಅವನ ಬಾಯಿಗೆ ಸುರಿದಿದ್ದರು.

ಒಂದು ಪಾತ್ರೆಯನ್ನೂ ಮುಟ್ಟದೆ ಎದ್ದು ಬಾಂದ್ರಾದ ಲೋಕಲ್ ಹತ್ತಿದಳು.

ಅಲ್ಲಿ ಕೆಲಸ ಮತ್ತೆ ಸುರುವಾಗಿತ್ತು. ಹೊಸ ಬಿದಿರು, ಹೊಸ ಹಗ್ಗ. ಮೇಲೇರಿದವರ ಸೊಂಟದಲ್ಲೆಲ್ಲ ಹಳದಿ ಬೆಲ್ಟು. ಕೆಳಗೆ ಸಲಿಕೆ ಹಿಡಿದು ಸಿಮೆಂಟು ಕಲಸುತ್ತಿದ್ದ ಖಂಡಪ್ಪನಿಗೂ ಒಂದು ಕೊಟ್ಟಿದ್ದರು.

ಅವಳನ್ನು ಕಂಡು ಗೇಟಿನ ತನಕ ಬಂದ. ಕ್ಯಾಮೆರಾದ ಪಕ್ಕದಲ್ಲೇ ಶಿವಪುತ್ರ ನಿಂತಿದ್ದನೆಂದೂ, ಹೇಳಿದಂತೆ ಹೇಳದಿದ್ದರೆ ಮುಂಬೈಯಲ್ಲಿ ಎಲ್ಲೂ ಕೆಲಸ ಹುಟ್ಟದಂತೆ ಮಾಡುತ್ತೇನೆಂದಿದ್ದನೆಂದೂ ತಡವರಿಸುತ್ತ ಹೇಳಿದ.

"ನಂಗೂ ಮನೀ ಅದ ಅಕ್ಕ. ಬೇಕಂದ್ರ ಕೆರ ತಗೊಂಡು ಹೊಡಿ."

ಹೊಡೆಯಲು ಕೈ ಬರಲಿಲ್ಲ. ಅವನ ಗಡ್ಡಕ್ಕೆ ಸಿಮೆಂಟು ಮೆತ್ತಿತ್ತು. ಮರೆಪ್ಪನೂ ಹಾಗೇ ಮೆತ್ತಿಕೊಂಡು ಮನೆಗೆ ಬರುತ್ತಿದ್ದ.

"ನಿನ್ನ ಯಾಕ ಹೊಡೀಲಿ," ಎಂದಳು. "ನನಗ ಹೇಳಿದ್ದು ಒಮ್ಮೆ ಇಲ್ಲಿ ಹೇಳು. ಟೀವಿಗಿ ಬ್ಯಾಡ. ಮುಕಾದಮನ ಮುಂದ."

ಶಿವಪುತ್ರ ಹೊರಬಂದಿದ್ದ. "ಏ ರಂಡಿ, ಹಿಂಗ ಕುಣದ್ರ ಬರೂ ಪರಿಹಾರನೂ ಬರಂಗಿಲ್ಲ. ಗಾಡಿ ಬರ್ತದ, ಬಾಜೂಕ ಸರಿ."

ಖಂಡಪ್ಪ ಬಾಯಿ ತೆರೆದ. ಶಿವಪುತ್ರ ಅವನತ್ತ ನೋಡಿದ, ಅಷ್ಟೆ. ಖಂಡಪ್ಪ ತಿರುಗಿ ನಡೆದ.

ಮರಳಿನ ಟೆಂಪೋ ಬಂದು ಹಾರ್ನ್ ಹೊಡೆಯಿತು. ಗುರುಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಗೇಟಿಗೆ ಅಡ್ಡಲಾಗಿ ಕೂತಳು. ವಾಚ್‌ಮನ್ ರಟ್ಟೆ ಹಿಡಿದು ಎಳೆದ. ಗೇಟಿನ ಸರಳಿಗೆ ತೋಳು ಸುತ್ತಿದಳು. ಬಳೆಯಿಲ್ಲದ ಆ ಕೈಯನ್ನು ಬಿಡಿಸಲು ಅವನಿಂದಾಗಲಿಲ್ಲ. ಕೂಗಲಿಲ್ಲ ಅವಳು. ಅವ ಕುಡದಿರಲಿಲ್ಲ, ಬೆಲ್ಟ್ ಕೇಳಿದ್ದ ಎಂದು ಮಾತಾಡುವ ದನಿಯಲ್ಲೇ ಹೇಳಿದಳು, ತಿರುತಿರುಗಿ ಹೇಳಿದಳು. ಬಾಲ್ಕನಿಗಳಿಗೆ ಜನ ಬಂದರು, ನೋಡಿದರು, ಒಳಗೆ ಹೋದರು.

ಕೊನೆಗೆ ಟೆಂಪೋದವನು ಎಂಜಿನ್ ನಿಲ್ಲಿಸಿದ. ಬಿದಿರಿನ ಮೇಲಿದ್ದವರು ಒಬ್ಬೊಬ್ಬರಾಗಿ ಕೈ ನಿಲ್ಲಿಸಿ ಕೆಳಗೆ ನೋಡತೊಡಗಿದರು. ಖಂಡಪ್ಪನೊಬ್ಬ ತಲೆ ತಗ್ಗಿಸಿ ಸಿಮೆಂಟು ಕಲಸುತ್ತಲೇ ಇದ್ದ.