ಅಂಚಿನಿಂದ ಹೊಲಿದ ಕೌದಿ

ಕಗ್ಗದಾಸಪುರದ ಆ ಮೂರಂತಸ್ತಿನ ಮನೆಯ ತಾರಸಿ ಎಲ್ಲ ಬಾಡಿಗೆದಾರರಿಗೂ ಸೇರಿದ್ದು. ವಿಮಲಾಕ್ಷಿ ಬಕೆಟ್ ಹಿಡಿದು ಬಟ್ಟೆ ಒಣಹಾಕಲು ಮೇಲೆ ಬಂದಾಗ ಮನೆಯೊಡತಿ ಚಿಕ್ಕಮುನಿಯಮ್ಮ ಒಂದು ಕಾಲೊರಸನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಕೆಳಮನೆಯ ಖುರ್ಷೀದಾ ಗಂಡನ ಹರಿದ ಲುಂಗಿಗಳನ್ನು ಸೀಳಿ, ಜಡೆ ಹೆಣೆದು, ಸುತ್ತಿ ಹೊಲಿದದ್ದು ಅದು.

“ನೋಡಮ್ಮ, ಬಿಸಾಕೋ ಲುಂಗೀಲಿ ಎಂಗ್ ಮಾಡವ್ಳೆ. ಕೈಯಲ್ಲಿ ಕಲೆ ಐತೆ ಈ ಹುಡುಗೀಗೆ.”

“ಚೆನ್ನಾಗಿದೆ,” ಅಂದಳು ವಿಮಲಾಕ್ಷಿ. ಅವಳಿಗೆ ಹೊಟ್ಟೆ ಉರಿಯಿತು.

ಉರಿಯಲು ಕಾರಣವೂ ಇತ್ತು. ರಾಣೆಬೆನ್ನೂರಿನಲ್ಲಿ ಅವಳ ಅವ್ವ ಕೌದಿ ಹೊಲಿಯುವುದರಲ್ಲಿ ಓಣಿಗೇ ಹೆಸರಾದವಳು. ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ ಅವ್ವ ಹೊಲಿದ ಹೊದಿಕೆ ಇಪ್ಪತ್ತು ವರ್ಷ ಬಾಳುತ್ತಿತ್ತು. ಹನ್ನೆರಡನೇ ವಯಸ್ಸಿಗೇ ವಿಮಲಾಕ್ಷಿ ಅವ್ವನ ಪಕ್ಕ ಕೂತು ಹೊಲಿಗೆ ಹಾಕುತ್ತಿದ್ದಳು. ಆದರೆ ಬೆಂಗಳೂರಿಗೆ ಬಂದ ಮೇಲೆ, ಗಂಡನ ಆಫೀಸಿನವರ ಕಣ್ಣಿಗೆ ಮನೆಯಲ್ಲಿ ಚಿಂದಿ ಕಾಣಬಾರದೆಂದು, ಅವ್ವ ಕೊಟ್ಟ ಕೌದಿಯನ್ನು ದಿವಾನಿನ ಹಾಸಿಗೆಯ ಕೆಳಗೆ ತುರುಕಿದ್ದಳು. ಹಳೆ ಬಟ್ಟೆಯೆಲ್ಲ ಪಾತ್ರೆಯವಳ ಬುಟ್ಟಿ ಸೇರಿ ಸ್ಟೀಲ್ ಡಬ್ಬಿಯಾಗುತ್ತಿತ್ತು. ತಾನು ನಾಚಿ ಬಚ್ಚಿಟ್ಟ ಕೆಲಸಕ್ಕೆ ಇನ್ನೊಬ್ಬಳು ಹಾಡಹಗಲೇ ಹೊಗಳಿಸಿಕೊಂಡರೆ ಯಾರಿಗೆ ತಾನೇ ತಡೆದೀತು?

ಆ ವಾರ ಖುರ್ಷೀದಾ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಳು.

“ಆಂಟಿ, ದೊಮ್ಮಲೂರಲ್ಲಿ ಆಶಾರಾಣಿ ಮೇಡಂ ಅಂತ ಶಿಶುವಿಹಾರ ನಡೆಸ್ತಾರೆ. ಮಕ್ಕಳಿಗೆ ಹಳೇ ಸೀರೇಲಿ ಮಾಡಿದ ಮೆತ್ತನೆ ಹೊದಿಕೆ ಬೇಕಂತೆ, ಇಪ್ಪತ್ತು. ಮೊದ್ಲು ಒಂದು ಮಾಡಿ ತೋರ್ಸು ಅಂದಿದಾರೆ. ಇಷ್ಟ ಆದ್ರೆ ಎಲ್ಲಾ ನಂಗೇ. ನಂದು ಅಂತ ಒಂದು ಕೆಲಸ ಆಗ್ಬಿಡುತ್ತೆ.”

ಮರುದಿನ ತಾರಸಿಯ ನೆರಳಿನಲ್ಲಿ ಖುರ್ಷೀದಾ ಹೊಲಿಯಲು ಕೂತಳು. ವಿಮಲಾಕ್ಷಿಗೆ ಒಂದೇ ನೋಟಕ್ಕೆ ತಪ್ಪು ಕಂಡಿತು. ಕೌದಿಯನ್ನು ಅಂಚಿನಿಂದ ಶುರು ಮಾಡಿ, ಸುತ್ತುತ್ತಾ ನಡುವಿಗೆ ಬರಬೇಕು. ಆಗ ಒಳಗಿನ ಪದರಗಳು ಜಾರುವುದಿಲ್ಲ. ಈ ಹುಡುಗಿ ನಡುವಿನಿಂದ ಉದ್ದುದ್ದ ಹೊಲಿಗೆ ಎಳೆಯುತ್ತಿದ್ದಳು. ಎರಡು ಸಲ ಒಗೆದರೆ ಮುಗಿಯಿತು.

“ಸರಿಯಾಗ್ ಬರ್ತಿದ್ಯಾ ಆಂಟಿ?”

“ನಂಗೇನ್ ಗೊತ್ತಮ್ಮ ಇದೆಲ್ಲ. ಚೆನ್ನಾಗೇ ಇದೆ.”

ಹೇಳಿ ಕೆಳಗಿಳಿಯುವಾಗ ಅವಳಿಗೆ ಒಳಗೊಳಗೇ ಖುಷಿಯಾಯಿತು. ಆ ಖುಷಿ ಹತ್ತು ದಿನ ಇತ್ತು.

ಹನ್ನೊಂದನೆಯ ದಿನ ಖುರ್ಷೀದಾ ತಾರಸಿಯ ಮೆಟ್ಟಿಲ ಮೇಲೆ ಕೂತಿದ್ದಳು. ತೊಡೆಯ ಮೇಲೆ ಆ ಹೊದಿಕೆ, ಗಂಟು ಗಂಟಾಗಿ ಮುದುಡಿಕೊಂಡು.

“ಒಗೆದ್ ಮೇಲೆ ಹಿಂಗಾಯ್ತಂತೆ. ಬೇರೆಯವರ ಹತ್ರ ಮಾಡಿಸ್ತೀನಿ ಅಂದ್ರು ಮೇಡಂ. ಸೋಮವಾರದವರೆಗೆ ಟೈಮ್ ಕೊಡಿ ಅಂತ ಬೇಡ್ಕೊಂಡ್ ಬಂದೆ. ಆದ್ರೆ ತಪ್ಪು ಎಲ್ಲಾಯ್ತು ಅಂತಾನೇ ಗೊತ್ತಾಗ್ತಿಲ್ಲ. ನೀವೂ ಚೆನ್ನಾಗಿದೆ ಅಂದ್ರಲ್ಲ ಆಂಟಿ.”

ವಿಮಲಾಕ್ಷಿ ಮನೆಗೆ ಬಂದಳು. ಬೈದಿದ್ದರೆ ಒಂದು ಮಾತು ತಿರುಗಿಸಿ ಬೈಯಬಹುದಿತ್ತು. ಆ ಹುಡುಗಿ ನಂಬಿದ್ದಳು. ದಿವಾನಿನ ಹಾಸಿಗೆ ಎತ್ತಿ ಅವ್ವನ ಕೌದಿಯನ್ನು ಎಳೆದಳು. ಬಣ್ಣ ಮಾಸಿತ್ತು, ಒಂದು ಪದರವೂ ಸರಿದಿರಲಿಲ್ಲ. ಅವಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಕೌದಿಯನ್ನು ಖುರ್ಷೀದಾಳ ಮುಂದೆ ಹಾಸಿದಾಗ ಬಾಯಿಂದ ಊರ ಮಾತೇ ಬಂತು. “ಇದು ನಮ್ಮವ್ವ ಹೊಲಿದದ್ದು. ನನಗೂ ಬರ್ತೈತಿ. ನೀ ನಡುವಿಂದ ಹೊಲಿಯೋದು ಅವತ್ತ ನೋಡೀನಿ. ಕೆಡ್ತದಂತ ಗೊತ್ತಿತ್ತು. ಎಲ್ಲಾರೂ ನಿನ್ನ ಹೊಗಳೋದು ನನಗ ಸಹಿಸಾಕ ಆಗಲಿಲ್ಲ, ಅದಕ್ಕ ಹೇಳಲಿಲ್ಲ.”

ಖುರ್ಷೀದಾ ಕೌದಿಯ ಮೂಲೆ ಮಡಚಿ ಹೊಲಿಗೆ ನೋಡಿದಳು.

“ನಿಮ್ಗೆ ಗಂಡನ ಸಂಬಳ ಇದೆ, ಫ್ರಿಜ್ ಇದೆ. ನಂಗೆ ಇದೊಂದೇ ಇತ್ತು. ಇದ್ರ ಮೇಲೂ ಕಣ್ಣು ಹಾಕಿದ್ರಾ?”

ವಿಮಲಾಕ್ಷಿ ತಲೆ ತಗ್ಗಿಸಿದಳು. ಎದ್ದು ಹೋಗಲಿಲ್ಲ. ಕೊನೆಗೆ ಖುರ್ಷೀದಾ ಕತ್ತರಿಯನ್ನು ಅವಳತ್ತ ತಳ್ಳಿದಳು. ಇಬ್ಬರೂ ಕೂತು ಹಳೆಯ ಹೊಲಿಗೆ ಬಿಚ್ಚತೊಡಗಿದರು.

ಮರುದಿನ ಪಾತ್ರೆಯವಳು ಗೇಟಿನಿಂದ ಕೂಗಿದಳು. ವಿಮಲಾಕ್ಷಿ ಇಣುಕಿ, “ಇನ್ಮೇಲೆ ನಮ್ಮನೇಲಿ ಹಳೇ ಬಟ್ಟೆ ಸಿಗಲ್ಲಮ್ಮ” ಅಂದು, ಅವಳಿಗೆಂದು ಎತ್ತಿಟ್ಟಿದ್ದ ನಾಲ್ಕು ಸೀರೆಗಳನ್ನು ತಾರಸಿಗೆ ಹೊತ್ತಳು. ಇಬ್ಬರೂ ಅಂಚಿನಿಂದ ಹೊಲಿಯುತ್ತ ಒಳಗೆ ಬಂದರು. ನಡುವಿನ ಕೊನೆಯ ತೇಪೆ ಮುಚ್ಚುವ ಮೊದಲು ವಿಮಲಾಕ್ಷಿ ಒಂದು ಚಿಟಿಕೆ ಸಕ್ಕರೆ ಒಳಗೆ ಹಾಕಿದಳು.

“ಇರುವೆ ಬರಲ್ವಾ ಆಂಟಿ?”

“ಒಗದ್ರ ಹೋಗ್ತೈತಿ. ಕೌದಿ ಹೊಟ್ಟಿ ಖಾಲಿ ಇಡಬಾರದು ಅಂತಾಳ ನಮ್ಮವ್ವ.”

ಎರಡು ದಿನದ ಮೇಲೂ ಖುರ್ಷೀದಾ ಮೊದಲಿನಷ್ಟು ಮಾತಾಡುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ, ಎರಡು ಸಲ ಒಗೆದ ಹೊದಿಕೆ ತಂತಿಯ ಮೇಲೆ ಸಪಾಟಾಗಿ ಒಣಗುತ್ತಿತ್ತು. ಅವಳು ದೊಮ್ಮಲೂರಿಗೆ ಹೊರಡಲು ಸೀರೆ ಬದಲಿಸಲು ಹೋಗಿದ್ದಳು. ವಿಮಲಾಕ್ಷಿ ಬಟ್ಟೆ ಒಣಹಾಕುತ್ತಿದ್ದಾಗ ಚಿಕ್ಕಮುನಿಯಮ್ಮ ಬಂದು ಹೊದಿಕೆಯ ಅಂಚನ್ನು ಸವರಿ ನೋಡಿದರು.

“ಈ ಅಂಚಿನ ಹೊಲಿಗೆ ನೋಡಮ್ಮ. ಯಾರು ಹೇಳ್ಕೊಟ್ರೋ ಆ ಹುಡುಗೀಗೆ.”

ತಾರಸಿಯಲ್ಲಿ ಬೇರೆ ಯಾರೂ ಇರಲಿಲ್ಲ. ವಿಮಲಾಕ್ಷಿಯ ಹೊಟ್ಟೆಯಲ್ಲಿ ಅದೇ ಉರಿ ಮತ್ತೆ ಎದ್ದಿತು, ನಾನೇ ಅನ್ನುವ ಮಾತು ನಾಲಿಗೆಯ ತುದಿಗೂ ಬಂದಿತು. ಅವಳು ಬಕೆಟ್ ಎತ್ತಿಕೊಂಡಳು.

“ಅವಳ ಕೈ ಚೆನ್ನಾಗಿದೆ ಚಿಕ್ಕಮುನಿಯಮ್ಮನೋರೆ,” ಅಂದಳು.